ಬುಟ್ಟಿಚೆಂಡಿನವರ ತಾರತಮ್ಯ

ಹಿಂದಿನ ಸಂಚಿಕೆಯು ವಾಚಕರ ಕೈ ಸೇರಿದ ನಾಲ್ಕೈದು ದಿನಗಳಲ್ಲಿಯೇ ನಮಗೊಂದು ಕಾಗದವು ಬಂದಿತು. ಬರೆದವರು ಒಬ್ಬ ಗೃಹಿಣಿ. ಹಬ್ಬದ ವಿಧಿಯನ್ನೋ ಮಕ್ಕಳ ವ್ಯಾಕರಣದ ಸಂದೇಹವನ್ನೋ ಕೇಳಿರಬಹುದೆಂದು ಲಕೋಟೆಯನ್ನು ಒಡೆದೆವು. ಒಳಗಿದ್ದ ವಿಷಯವೇ ಬೇರೆ. ಆಕೆಯ ಯಜಮಾನರಿಗೆ ಐವತ್ತರ ಹತ್ತಿರ ವಯಸ್ಸು, ಮಗನಿಗೆ ಹದಿನೇಳು. ಇಬ್ಬರಿಗೂ ಅಮೆರಿಕಾ ದೇಶದ ಬ್ಯಾಸ್ಕೆಟ್ ಬಾಲ್ ಆಟದಲ್ಲಿ ವಿಪರೀತವಾದ ಅಭಿರುಚಿ. ತಂದೆಯವರು ತಮ್ಮ ಯೌವನದಲ್ಲಿ ಮೈಕೇಲ್ ಜೋರ್ಡನ್ ಎಂಬಾತನ ಆಟವನ್ನು ಕಂಡು ಮನಸೋತವರಾದಕಾರಣ, ಅಂಥವನು ಹಿಂದೆ ಹುಟ್ಟಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ ಎನ್ನುತ್ತಾರೆ. ಮಗನು ಲೆಬ್ರಾನ್ ಜೇಮ್ಸನ ಪಕ್ಷದವನು; ಬೆಳಗಿನ ಜಾವ ಐದು ಗಂಟೆಗೆ ತಾನಾಗಿಯೇ ಎದ್ದು ಅವನ ಆಟವನ್ನು ನೋಡುತ್ತಾನಂತೆ. (ಸಂಧ್ಯಾವಂದನೆಗೆ ಎಬ್ಬಿಸಿದರೆ ಏಳುವನೋ ಇಲ್ಲವೋ, ಆ ತಾಯಿ ಬರೆದಿಲ್ಲ.) ಮಾತಿಗೆ ಮಾತು ಬೆಳೆದು ಈಗ ಹತ್ತು ದಿನಗಳಿಂದ ತಂದೆಮಕ್ಕಳು ಒಬ್ಬರೊಡನೊಬ್ಬರು ಮಾತನಾಡುವುದಿಲ್ಲ. “ಸಾರು ಬೇಕಾದರೂ ನನ್ನ ಮೂಲಕವೇ ಹೇಳಿಸುತ್ತಾರೆ. ತಾವು ಹಿರಿಯರು, ಪಾಠ ಹೇಳಿದವರು. ಯಾರು ದೊಡ್ಡವರೆಂಬುದನ್ನು ತೀರ್ಮಾನಿಸಿ ಬರೆದರೆ ನಮ್ಮ ಮನೆಯಲ್ಲಿ ನೆಮ್ಮದಿಯಾದೀತು” ಎಂದು ಕಾಗದವು ಮುಗಿದಿತ್ತು.

ನಮಗೂ ಈ ಆಟಕ್ಕೂ ಇದ್ದ ಸಂಬಂಧ ಬಹು ಸ್ವಲ್ಪ. ಶಾಲೆಯ ಡ್ರಿಲ್ ಮಾಸ್ತರು ರಜದ ಮೇಲೆ ಹೋದಾಗ ಮೈದಾನದಲ್ಲಿ ನಿಂತು ಸೀಟಿ ಊದಿದ್ದುಂಟು. ಯಾವಾಗ ಊದಬೇಕೆಂಬುದನ್ನು ಹುಡುಗರೇ ಹೇಳುತ್ತಿದ್ದರು. ಆದರೂ ಒಂದು ಮನೆಯ ಊಟದ ಪಂಕ್ತಿಯ ಪ್ರಶ್ನೆ ಇದಾದ್ದರಿಂದ ಅಲಕ್ಷ್ಯಮಾಡಲು ಮನಸ್ಸು ಬರಲಿಲ್ಲ. ಈ ಒಂದು ತಿಂಗಳು ಮನೆಯ ಹುಡುಗರ ಸಹಾಯದಿಂದ ಹಳೆಯ ಪಂದ್ಯಗಳ ಚಿತ್ರಗಳನ್ನು ನೋಡಿದೆವು, ಲೆಕ್ಕಗಳನ್ನು ಓದಿದೆವು, ಒಂದೆರಡು ರಾತ್ರಿ ನಿದ್ರೆಯನ್ನೂ ಕೆಡಿಸಿಕೊಂಡೆವು. ಅದರ ಫಲವನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಆಟದ ಹುಟ್ಟನ್ನು ಹೇಳಬೇಕು. ಏಕೆಂದರೆ ಇದನ್ನು ಕಂಡುಹಿಡಿದವರು ನಮ್ಮಂತೆಯೇ ಒಬ್ಬ ಉಪಾಧ್ಯಾಯರು. ಕೆನಡಾ ದೇಶದಲ್ಲಿ ಹುಟ್ಟಿದ ಜೇಮ್ಸ್ ನೈಸ್ಮಿತ್ ಎಂಬ ಮಹಾಶಯರು 1891ನೆಯ ಇಸವಿಯಲ್ಲಿ ಅಮೆರಿಕಾದ ಸ್ಪ್ರಿಂಗ್‌ಫೀಲ್ಡ್ ನಗರದ ವೈ.ಎಂ.ಸಿ.ಎ. ಶಿಕ್ಷಣಶಾಲೆಯಲ್ಲಿ ವ್ಯಾಯಾಮವನ್ನು ಕಲಿಸುತ್ತಿದ್ದರು. ಹೊರಗೆ ಹಿಮ, ಒಳಗೆ ಸುಮ್ಮನೆ ಕೂಡದ ಪಡ್ಡೆ ಹುಡುಗರು. ಇವರನ್ನು ಹಿಡಿದಿಡುವುದಕ್ಕೊಂದು ಉಪಾಯವನ್ನು ಮಾಡೆಂದು ಮೇಲಧಿಕಾರಿಯ ಅಪ್ಪಣೆಯಾಯಿತು. ಆ ಡಿಸೆಂಬರ್ ತಿಂಗಳಲ್ಲಿ ಅವರು ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ವ್ಯಾಯಾಮಮಂದಿರದ ಉಪ್ಪರಿಗೆಯ ಕಟಕಟೆಗೆ ಮೊಳೆ ಹೊಡೆದು ನಿಲ್ಲಿಸಿ, 13 ನಿಯಮಗಳನ್ನು ಬರೆದು ಗೋಡೆಗೆ ಹಚ್ಚಿದರು. ಕಟಕಟೆಯು ನೆಲದಿಂದ 10 ಅಡಿ ಎತ್ತರದಲ್ಲಿದ್ದಿತು. ಆಟದಲ್ಲಿ ಏನೇನು ಬದಲಾದರೂ ಆ 10 ಅಡಿ ಇಂದಿಗೂ ಬದಲಾಗಿಲ್ಲ. ಮುಂದಿನ ವರ್ಷವೇ ಸೆಂಡಾ ಬೆರೆನ್‌ಸನ್ ಎಂಬ ಅಧ್ಯಾಪಿಕೆಯು ಸಮೀಪದ ಸ್ಮಿತ್ ಕಾಲೇಜಿನಲ್ಲಿ ಇದನ್ನು ಹೆಣ್ಣುಮಕ್ಕಳಿಗೆ ಕಲಿಸಲಾರಂಭಿಸಿದಳೆಂಬುದನ್ನು ನಮ್ಮ ಸೋದರಿಯರು ಗಮನಿಸಬೇಕು.

ವೇತನಕ್ಕಾಗಿ ಆಡತಕ್ಕವರ ದೊಡ್ಡ ಸಂಘವು 1946ರಲ್ಲಿ ಹುಟ್ಟಿ, 1949ರಿಂದ ಎನ್.ಬಿ.ಎ. ಎಂಬ ಹೆಸರನ್ನು ಪಡೆಯಿತು. ನಮ್ಮ ವಿಚಾರವೆಲ್ಲ ಈ ಸಂಘದೊಳಗಿನದು. ಈ ಸಂಘವೇ 1996ರಲ್ಲಿ 50 ಮಂದಿ ಶ್ರೇಷ್ಠರನ್ನೂ 2021ರಲ್ಲಿ 75 ಮಂದಿಯನ್ನೂ ಆರಿಸಿತು. ಎರಡನೆಯ ಸಲ ಮತಗಳು ಸಮನಾಗಿ ಬಂದು 75ಕ್ಕೆ ಬದಲು 76 ಹೆಸರುಗಳಾದುವು! ಅವರು ಹೆಸರುಗಳನ್ನು ಹೇಳಿದರೇ ಹೊರತು ಇವನು ಒಂದನೆಯವನು, ಇವನು ಎರಡನೆಯವನು ಎಂದು ಕ್ರಮವನ್ನು ಹಚ್ಚಲಿಲ್ಲ. ಬುದ್ಧಿವಂತರು. ಆ ಕೆಲಸವನ್ನು ಊಟದ ಪಂಕ್ತಿಗಳಿಗೆ ಬಿಟ್ಟರು.

ಯಾವುದೇ ವಸ್ತುವನ್ನು ನಿರ್ಣಯಿಸುವುದಕ್ಕೆ ಮುಂಚೆ ಅದರ ಲಕ್ಷಣವನ್ನು ಹೇಳಬೇಕೆಂದು ನಮ್ಮ ತಾರ್ಕಿಕರ ಕಟ್ಟಳೆ. ಲಕ್ಷಣವು ಇರಬೇಕಾದ ಕಡೆ ಇಲ್ಲದೆಹೋದರೆ ಅವ್ಯಾಪ್ತಿ. ಇರಬಾರದ ಕಡೆಗೂ ಹರಡಿದರೆ ಅತಿವ್ಯಾಪ್ತಿ. ಇಲ್ಲಿಯೂ ಆ ಅಳತೆಯನ್ನೇ ಹಿಡಿಯೋಣ. “ಅತ್ಯಧಿಕವಾಗಿ ಪ್ರಶಸ್ತಿ ಗೆದ್ದವನೇ ಶ್ರೇಷ್ಠ” ಎಂದರೆ, ರಾಬರ್ಟ್ ಹೋರಿ ಎಂಬವನ ತಂಡಗಳು 7 ಸಲ ಗೆದ್ದಿವೆ. ಜೋರ್ಡನ್ನನದು 6 ಸಲ. ಹೋರಿಯು ಸಮಯಕ್ಕೆ ಒದಗಿದ ಒಳ್ಳೆಯ ಆಟಗಾರನೇ ಸರಿ. ಆದರೆ ಅವನನ್ನು ಜೋರ್ಡನ್ನನ ಮೇಲೆ ಕೂರಿಸಲು ಅವನ ತಾಯಿಯೂ ಒಪ್ಪಲಾರಳು. ಇದು ಅತಿವ್ಯಾಪ್ತಿ. ಇನ್ನು ಎಲ್ಗಿನ್ ಬೇಲರ್ ಎಂಬ ಮಹಾವೀರನು 8 ಸಲ ಅಂತಿಮ ಸ್ಪರ್ಧೆಗೆ ಬಂದು ಎಂಟು ಸಲವೂ ಸೋತನು. ಮೊಣಕಾಲು ಕೆಟ್ಟು 1971ರ ನವೆಂಬರಿನಲ್ಲಿ ಆಟವನ್ನು ಬಿಟ್ಟನು. ಅವನು ಬಿಟ್ಟ ಮರುಪಂದ್ಯದಿಂದಲೇ ಅವನ ತಂಡವಾದ ಲಾಸ್ ಏಂಜಲೀಸಿನ ಲೇಕರ್ಸ್ ಒಂದೇ ಸಮನೆ 33 ಪಂದ್ಯಗಳನ್ನು ಗೆದ್ದು, ಆ ವರ್ಷದ ಪ್ರಶಸ್ತಿಯನ್ನೂ ಹೊಡೆಯಿತು. ವಿಧಿಯು ಇಷ್ಟು ಕ್ರೂರವಾಗಿ ಹಾಸ್ಯಮಾಡಿದ್ದನ್ನು ನಾವು ಪುರಾಣಗಳಲ್ಲಿಯೂ ಹೆಚ್ಚಾಗಿ ಓದಿಲ್ಲ. ಬೇಲರನನ್ನು ಶ್ರೇಷ್ಠರ ಸಾಲಿನಿಂದ ತೆಗೆಯುವ ಲಕ್ಷಣಕ್ಕೆ ಅವ್ಯಾಪ್ತಿದೋಷವಲ್ಲದೆ ಮತ್ತೇನು?

“ಹಾಗಾದರೆ ಹೆಚ್ಚು ಅಂಕ ಪಡೆದವನು” ಎಂದರೆ ವಿಲ್ಟ್ ಚೇಂಬರ್ಲಿನ್ ಎದ್ದು ನಿಲ್ಲುತ್ತಾನೆ. 7 ಅಡಿಗೂ ಮಿಕ್ಕ ದೇಹ. 1962ನೆಯ ಮಾರ್ಚ್ 2ರಂದು ಚಾಕೊಲೇಟಿಗೆ ಹೆಸರಾದ ಹರ್ಷಿ ಎಂಬ ಊರಿನಲ್ಲಿ, ನ್ಯೂಯಾರ್ಕ್ ತಂಡದೆದುರು ಈತನೊಬ್ಬನೇ 100 ಅಂಕಗಳನ್ನು ಗಳಿಸಿದನು. ನೋಡಲು ಬಂದಿದ್ದವರು ನಾಲ್ಕು ಸಾವಿರದ ಮೇಲೆ ಚಿಲ್ಲರೆ. ಆ ಋತುವಿನಲ್ಲಿ ಪಂದ್ಯವೊಂದಕ್ಕೆ ಅವನ ಸರಾಸರಿ 50.4 ಅಂಕಗಳು. ಪಂದ್ಯದ ಕಾಲಾವಧಿ 48 ನಿಮಿಷ. ಅವನು ಆಡಿದ ಸರಾಸರಿ 48.5 ನಿಮಿಷ! ಸಮವಾಗಿ ಮುಗಿದ ಪಂದ್ಯಗಳಿಗೆ ಹೆಚ್ಚುವರಿ ಕಾಲ ಸೇರಿದ್ದರಿಂದ ಈ ವಿಚಿತ್ರವು ಸಂಭವಿಸಿತು. ಅಂದರೆ ಮನುಷ್ಯನು ಕುಳಿತೇ ಇರಲಿಲ್ಲವೆಂದರ್ಥ. ಆದರೂ ಅವನ ತಂಡಗಳು ಪ್ರಶಸ್ತಿ ಗೆದ್ದುದು ಎರಡೇ ಸಲ, 1967ರಲ್ಲಿ ಮತ್ತು 1972ರಲ್ಲಿ. ಅಂಕವೇ ಎಲ್ಲವೂ ಆಗಿದ್ದರೆ ಹೀಗಾಗುತ್ತಿರಲಿಲ್ಲ.

ಇದಲ್ಲದೆ ಕಾಲಭೇದವೊಂದುಂಟು. 1950ರ ಹೊತ್ತಿಗೆ ಅರ್ಧಶತಮಾನದ ಶ್ರೇಷ್ಠನೆಂದು ಪತ್ರಿಕೆಯವರು ಮತ ಹಾಕಿ ಆರಿಸಿದ್ದು ಜಾರ್ಜ್ ಮೈಕನ್ ಎಂಬ ಕನ್ನಡಕಧಾರಿಯನ್ನು. ಅವನು ಬುಟ್ಟಿಯ ಕೆಳಗೆ ನಿಂತರೆ ಯಾರಿಗೂ ಅಲುಗಿಸಲಾಗದೆಂದು 1951ರಲ್ಲಿ ಬುಟ್ಟಿಯ ಮುಂದಿನ ನಿಷಿದ್ಧ ಜಾಗವನ್ನು 6 ಅಡಿಯಿಂದ 12 ಅಡಿಗೆ ಅಗಲಿಸಬೇಕಾಯಿತು. ಅವನಿಗೆ ಹೆದರಿ ಎದುರಾಳಿಗಳು ಚೆಂಡನ್ನು ಕೈಯಲ್ಲಿಟ್ಟುಕೊಂಡು ಸುಮ್ಮನೆ ನಿಂತು ಕಾಲವನ್ನು ಕಳೆಯುತ್ತಿದ್ದರು. 1950ರ ನವೆಂಬರಿನಲ್ಲಿ ಒಂದು ಪಂದ್ಯವು 19ಕ್ಕೆ 18ರಂತೆ ಮುಗಿಯಿತು. ದುಡ್ಡು ಕೊಟ್ಟು ಬಂದವರು ಬೈಯದೆ ಬಿಟ್ಟಾರೆಯೆ? 1954ರಲ್ಲಿ 24 ಸೆಕೆಂಡುಗಳೊಳಗೆ ಚೆಂಡನ್ನು ಎಸೆಯಲೇಬೇಕೆಂಬ ನಿಯಮವು ಬಂದಮೇಲೆ ಆಟಕ್ಕೆ ಜೀವ ಬಂದಿತು. ದೂರದ ಗೆರೆಯ ಹೊರಗಿನಿಂದ ಹಾಕಿದ ಚೆಂಡಿಗೆ 3 ಅಂಕ ಕೊಡುವ ಪದ್ಧತಿಯು ಈ ಸಂಘದಲ್ಲಿ 1979ರಿಂದ ಮಾತ್ರ. ಇಂದು ಸ್ಟೀಫನ್ ಕರಿಯು ಗಳಿಸಿರುವ ಕೀರ್ತಿಯೆಲ್ಲ ಆ ಗೆರೆಯ ಹೊರಗಿನದು. ಅವನು ಮೈಕನ್ನನ ಕಾಲದಲ್ಲಿ ಹುಟ್ಟಿದ್ದರೆ ಅಷ್ಟೇ ದೂರದಿಂದ ಎಸೆದು ಎರಡೇ ಅಂಕ ಪಡೆಯುತ್ತಿದ್ದನು, ಪ್ರಾಯಶಃ ಗುರುಗಳಿಂದ ಬೈಗಳನ್ನೂ ತಿನ್ನುತ್ತಿದ್ದನು.

ಇದಕ್ಕಿಂತಲೂ ಮನಸ್ಸನ್ನು ನೋಯಿಸತಕ್ಕ ಸಂಗತಿ ಮತ್ತೊಂದಿದೆ. ಕಪ್ಪು ವರ್ಣದ ಆಟಗಾರನೊಬ್ಬನು ಎನ್.ಬಿ.ಎ. ಪಂದ್ಯದಲ್ಲಿ ಮೊದಲು ಕಾಲಿಟ್ಟುದು 1950ನೆಯ ಅಕ್ಟೋಬರ್ 31ರಂದು. ಅವನ ಹೆಸರು ಅರ್ಲ್ ಲಾಯ್ಡ್. ಅದಕ್ಕೆ ಹಿಂದೆ ಎಷ್ಟು ಮಂದಿ ಪ್ರತಿಭಾಶಾಲಿಗಳು ಬಾಗಿಲ ಹೊರಗೆ ನಿಂತು ಮುದುಕರಾದರೋ, ಅವರ ಹೆಸರುಗಳು ಯಾವ ಪಟ್ಟಿಯಲ್ಲಿಯೂ ಬರುವುದಿಲ್ಲ. ಸಾರ್ವಕಾಲಿಕ ಶ್ರೇಷ್ಠರ ಪಟ್ಟಿಯೆಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದು ಒಳಗೆ ಬಿಡಲ್ಪಟ್ಟವರ ಪಟ್ಟಿ. ಬಾಗಿಲು ಹಾಕುವ ವಿದ್ಯೆಯಲ್ಲಿ ನಮ್ಮ ದೇಶವೂ ಹಿಂದೆ ಬಿದ್ದಿಲ್ಲವಾದ್ದರಿಂದ ಈ ಮಾತನ್ನು ಮೆಲ್ಲಗೆ ಹೇಳುತ್ತಿದ್ದೇವೆ.

ಇಷ್ಟೆಲ್ಲ ಓದುತ್ತಿರುವಾಗ ಒಂದು ಸಣ್ಣ ಸಂಗತಿಯು ನಮ್ಮನ್ನು ಹಿಡಿದು ನಿಲ್ಲಿಸಿತು. ಎದುರಾಳಿಯ ಎಸೆತವನ್ನು ಗಾಳಿಯಲ್ಲಿಯೇ ತಡೆಯುವುದು ಈ ಆಟದಲ್ಲಿ ದೊಡ್ಡ ವಿದ್ಯೆ. ಆದರೆ ತಡೆದ ಎಸೆತಗಳನ್ನು ಲೆಕ್ಕದ ಪುಸ್ತಕದಲ್ಲಿ ಬರೆಯತೊಡಗಿದ್ದು 1973-74ರ ಋತುವಿನಿಂದ. ಅದಕ್ಕೆ ಹಿಂದಿನವರು ಎಷ್ಟು ತಡೆದರೂ ಅದಕ್ಕೊಂದು ಕಲಮು ಇರಲಿಲ್ಲ. ಕಲಮು ಇಲ್ಲದ್ದರಿಂದ ಲೆಕ್ಕವಿಲ್ಲ.

ಇದನ್ನು ಓದಿದಾಗ ನಮಗೆ ನಮ್ಮ ಅಂಕಪಟ್ಟಿಯು ನೆನಪಾಯಿತು. ನಾವು ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹುಡುಗರಿಗೆ ಒಂದು, ಎರಡು ಎಂದು ಕ್ರಮವನ್ನು ಹಚ್ಚಿದವರು. ಒಂದು ವರ್ಷ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಅವನ ಸ್ಥಾನವು ಯಾವಾಗಲೂ ಹನ್ನೊಂದೋ ಹನ್ನೆರಡೋ. ಮನೆಯ ತೊಂದರೆಯಿಂದ ಮಾಘಮಾಸದ ಹೊತ್ತಿಗೆ ಓದನ್ನು ಬಿಟ್ಟು ಎಲ್ಲಿಗೋ ಕೆಲಸಕ್ಕೆ ಹೋದನು. ನಾವೂ ಹೆಚ್ಚಾಗಿ ವಿಚಾರಿಸಲಿಲ್ಲ. ಆ ವರ್ಷದ ಪರೀಕ್ಷೆಯಲ್ಲಿ ತೇರ್ಗಡೆಯಾಗುವರೆಂದು ನಾವು ನಿಶ್ಚಯವಾಗಿ ನಂಬಿದ್ದ ಆರು ಮಂದಿ ಗಣಿತದಲ್ಲಿ ಬಿದ್ದರು. ಬೇಸಗೆಯಲ್ಲಿ ಅವರಲ್ಲೊಬ್ಬನನ್ನು ಕರೆದು ಕೇಳಿದಾಗ ತಿಳಿಯಿತು: ಪ್ರತಿದಿನವೂ ಸಂಜೆ ದೇವಸ್ಥಾನದ ಜಗಲಿಯ ಮೇಲೆ ಇವರೆಲ್ಲರಿಗೆ ಲೆಕ್ಕವನ್ನು ಹೇಳಿಕೊಡುತ್ತಿದ್ದವನು ಆ ಹನ್ನೊಂದನೆಯವನೇ. ಅವನು ಮಾಡುತ್ತಿದ್ದ ಕೆಲಸಕ್ಕೆ ನಮ್ಮ ಪಟ್ಟಿಯಲ್ಲಿ ಕಲಮು ಇರಲಿಲ್ಲ. ವಾರ್ಷಿಕೋತ್ಸವದಲ್ಲಿ ಬಹುಮಾನಗಳನ್ನು ಹಂಚಿದವರು ನಾವೇ.

ಆದುದರಿಂದ ಈ ಕಾಗದಕ್ಕೆ ಉತ್ತರ ಬರೆಯುವಾಗ ಬಿಲ್ ರಸೆಲ್ ಎಂಬಾತನ ಚರಿತ್ರೆಯ ಬಳಿ ಹೆಚ್ಚು ಹೊತ್ತು ಕುಳಿತೆವು. ತಂದೆಯ ಪಕ್ಷದಲ್ಲಿಯೂ ಇಲ್ಲದ, ಮಗನ ಪಕ್ಷದಲ್ಲಿಯೂ ಇಲ್ಲದ ಹೆಸರಿದು. ಈತನು 1934ರಲ್ಲಿ ಲೂಸಿಯಾನ ಪ್ರಾಂತದಲ್ಲಿ ಹುಟ್ಟಿದವನು. 1956ರಲ್ಲಿ ಮೆಲ್ಬರ್ನಿನ ಒಲಿಂಪಿಕ್ ಕ್ರೀಡೆಯಲ್ಲಿ ಚಿನ್ನದ ಪದಕವನ್ನು ಗೆದ್ದು, ಆ ಡಿಸೆಂಬರಿನಲ್ಲಿ ಬೋಸ್ಟನ್ನಿನ ಸೆಲ್ಟಿಕ್ಸ್ ತಂಡವನ್ನು ಸೇರಿದನು. ಅಂಕಗಳಲ್ಲಿ ಇವನದು ಸಾಧಾರಣ ಲೆಕ್ಕ: ಪಂದ್ಯಕ್ಕೆ ಸರಾಸರಿ 15.1. ಬುಟ್ಟಿಗೆ ತಗುಲಿ ಹಿಂದಿರುಗಿದ ಚೆಂಡನ್ನು ಹಿಡಿಯುವುದರಲ್ಲಿ ಮಾತ್ರ ಸರಾಸರಿ 22.5. ಎಸೆತವನ್ನು ತಡೆದಾಗ ಚೆಂಡನ್ನು ಜನರ ನಡುವೆ ಬಡಿದು ಚಪ್ಪಾಳೆ ಗಿಟ್ಟಿಸುವುದು ಅವನ ಕ್ರಮವಲ್ಲ. ಮೆಲ್ಲಗೆ ತಟ್ಟಿ ತನ್ನವರ ಕೈಗೆ ಬೀಳಿಸುವನು. ಅಲ್ಲಿಂದ ಮುಂದಿನ ಓಟವೆಲ್ಲ ಅವರದು, ಅಂಕವೂ ಅವರದು.

ತರ್ಕಶಾಸ್ತ್ರದಲ್ಲಿ ಕಾರಣವನ್ನು ನಿಶ್ಚಯಿಸುವುದಕ್ಕೆ ಅನ್ವಯ, ವ್ಯತಿರೇಕ ಎಂಬ ಎರಡು ಮಾರ್ಗಗಳುಂಟು. ಇದು ಇದ್ದರೆ ಅದು ಇರುತ್ತದೆ. ಇದು ಇಲ್ಲದಿದ್ದರೆ ಅದೂ ಇರುವುದಿಲ್ಲ. ರಸೆಲನು ಬರುವುದಕ್ಕೆ ಮುಂಚೆ ಬೋಸ್ಟನ್ ತಂಡವು ಒಮ್ಮೆಯೂ ಪ್ರಶಸ್ತಿ ಗೆದ್ದಿರಲಿಲ್ಲ. ಅವನು ಆಡಿದ 13 ಋತುಗಳಲ್ಲಿ 11 ಸಲ ಗೆದ್ದಿತು. 1959ರಿಂದ 1966ರವರೆಗೆ ಎಡೆಬಿಡದೆ ಎಂಟು ವರ್ಷ. ಅವನು ಬಿಟ್ಟ ಮರುವರ್ಷ ಅದೇ ತಂಡವು ಕೊನೆಯ ಸುತ್ತುಗಳಿಗೆ ಅರ್ಹತೆಯನ್ನೇ ಪಡೆಯಲಿಲ್ಲ. ಏಳು ಪಂದ್ಯಗಳ ಸರಣಿಯಲ್ಲಿ ಮೂರು ಮೂರು ಸಮನಾಗಿ ಏಳನೆಯದಕ್ಕೆ ಬಂದಾಗ ಅವನು ಆಡಿದ್ದು 10 ಸಲ. ಹತ್ತೂ ಸಲ ಗೆಲುವು. ಇದಕ್ಕಿಂತ ಶುದ್ಧವಾದ ಅನ್ವಯವ್ಯತಿರೇಕವನ್ನು ನಾವು ಪಾಠ ಹೇಳುವಾಗಲೂ ಕೊಟ್ಟಿರಲಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಬರುತ್ತದೆ. ಅವನು ಬಂದಾಗ ಸಂಘದಲ್ಲಿ ಇದ್ದುದು 8 ತಂಡಗಳು ಮಾತ್ರ, ಈಗ 30. ಎಂಟರಲ್ಲಿ ಒಂದಾಗುವುದು ಸುಲಭವಲ್ಲವೆ ಎಂದು. ಸುಲಭವಾದರೆ ಅದು ಉಳಿದ ಏಳಕ್ಕೂ ಸುಲಭವೇ ಆಗಿದ್ದಿತು. ಅವು ಏಕೆ ಗೆಲ್ಲಲಿಲ್ಲ? ತಂಡಗಳು ಕಡಿಮೆಯಾದಷ್ಟೂ ಒಳ್ಳೆಯವರು ಒಂದೊಂದರಲ್ಲಿ ಹೆಚ್ಚಾಗಿ ಒತ್ತಿರುತ್ತಾರೆ. ಚೇಂಬರ್ಲಿನ್ನನಂಥವನನ್ನು ವರ್ಷಕ್ಕೆ ಹತ್ತಾರು ಸಲ ಎದುರಿಸಬೇಕಾಗಿತ್ತು.

ಆ ಕಾಲದಲ್ಲಿ ಅವನು ಆಟದ ಹೊರಗೆ ಎದುರಿಸಿದ್ದನ್ನೂ ಹೇಳಬೇಕು. 1961ರಲ್ಲಿ ಕೆಂಟಕಿ ಪ್ರಾಂತದ ಲೆಕ್ಸಿಂಗ್‌ಟನ್ ಎಂಬಲ್ಲಿ ಪ್ರದರ್ಶನ ಪಂದ್ಯವೊಂದಿತ್ತು. ಅವನ ತಂಡದ ಇಬ್ಬರು ಕಪ್ಪು ವರ್ಣದವರಿಗೆ ಇಳಿದುಕೊಂಡಿದ್ದ ಹೋಟೆಲಿನಲ್ಲಿ ತಿಂಡಿಯನ್ನು ಕೊಡಲಿಲ್ಲ. ರಸೆಲನೂ ಜೊತೆಯವರೂ ಪಂದ್ಯವಾಡದೆ ವಿಮಾನ ಹತ್ತಿ ಹಿಂದಿರುಗಿದರು. ಬೋಸ್ಟನ್ ಸಮೀಪದಲ್ಲಿದ್ದ ಅವನ ಸ್ವಂತ ಮನೆಗೆ ಒಮ್ಮೆ ದುಷ್ಟರು ನುಗ್ಗಿ, ಗೆದ್ದ ಪಾರಿತೋಷಕಗಳನ್ನು ಒಡೆದು, ಗೋಡೆಯ ಮೇಲೆ ಹೊಲಸು ಮಾತುಗಳನ್ನು ಬರೆದು ಹೋದರು. ಹೆಂಡತಿ ಮಕ್ಕಳಿದ್ದ ಮನೆ. ಯಾವ ಊರಿಗಾಗಿ ಅವನು ವರ್ಷವರ್ಷವೂ ಗೆಲ್ಲುತ್ತಿದ್ದನೋ ಆ ಊರಿನ ಮಗ್ಗುಲಲ್ಲಿಯೇ ಇದು ನಡೆಯಿತು. ಮರುದಿನಗಳಲ್ಲಿಯೂ ಅವನು ಹೋಗಿ ಆಡಬೇಕಾಗಿತ್ತು, ಆಡಿದನು. 1966ರಲ್ಲಿ ಅವನಿಗೆ ತಂಡದ ಗುರುಸ್ಥಾನವನ್ನೂ ಕೊಟ್ಟರು. ಆ ಸಂಘದಲ್ಲಿ ಆ ಪದವಿಗೆ ಬಂದ ಮೊದಲನೆಯ ಕಪ್ಪು ವರ್ಣದವನು ಅವನು. ತಾನೂ ಆಡುತ್ತ, ಇತರರನ್ನೂ ಆಡಿಸುತ್ತ ಮೂರು ವರ್ಷಗಳಲ್ಲಿ ಎರಡು ಸಲ ಗೆದ್ದನು.

ಕೊನೆಯ ಗೆಲುವಿನ ಕಥೆ ಮಕ್ಕಳಿಗೆ ಓದಿ ಹೇಳತಕ್ಕದ್ದು. 1969ನೆಯ ಮೇ 5ರಂದು ಲಾಸ್ ಏಂಜಲೀಸಿನಲ್ಲಿ ಏಳನೆಯ ಪಂದ್ಯ. ಲೇಕರ್ಸ್ ತಂಡದಲ್ಲಿ ಚೇಂಬರ್ಲಿನ್, ಬೇಲರ್, ಜೆರಿ ವೆಸ್ಟ್ ಮೂವರೂ ಇದ್ದರು. ಸೋಲೆಂಬುದು ಸಂಭವಿಸದೆಂದು ಎಣಿಸಿ ಅವರ ಯಜಮಾನನು ಸಾವಿರಾರು ಬಣ್ಣದ ಬಲೂನುಗಳನ್ನು ಮಂದಿರದ ಮಾಡಿಗೆ ಕಟ್ಟಿಸಿದ್ದನು. ಗೆದ್ದ ಕೂಡಲೆ ಬಿಡಬೇಕೆಂದು ಏರ್ಪಾಡು. ರಸೆಲನು ಅವುಗಳನ್ನು ಕಂಡನು. ಪಂದ್ಯದ ಕೊನೆಯ ಭಾಗದಲ್ಲಿ ಚೇಂಬರ್ಲಿನ್ನನು ಮೊಣಕಾಲು ನೋಯಿಸಿಕೊಂಡು ಹೊರಗೆ ಹೋದನು. ಮತ್ತೆ ಒಳಗೆ ಬರುತ್ತೇನೆಂದರೂ ಅವನ ಗುರುವು ಬಿಡಲಿಲ್ಲ. ಬೋಸ್ಟನ್ ತಂಡವು 108ಕ್ಕೆ 106ರಂತೆ ಗೆದ್ದಿತು. ಬಲೂನುಗಳು ಮಾಡಿನಲ್ಲಿಯೇ ಉಳಿದುವು. ಆ ವರ್ಷ ಅಂತಿಮ ಸ್ಪರ್ಧೆಯ ಶ್ರೇಷ್ಠ ಆಟಗಾರನಿಗೆಂದು ಹೊಸದಾಗಿ ಒಂದು ಬಹುಮಾನವನ್ನಿಟ್ಟಿದ್ದರು. ಅದು ಸೋತ ಪಕ್ಷದ ವೆಸ್ಟನಿಗೆ ಸಂದಿತು. ಸೋತ ತಂಡದವನಿಗೆ ಅದು ದೊರೆತುದು ಆ ಒಂದೇ ಸಲ. ಈಗ ಆ ಬಹುಮಾನಕ್ಕೆ ರಸೆಲನ ಹೆಸರನ್ನಿಟ್ಟಿದ್ದಾರೆ, ಅವನ ಕೈಗೆ ಅದು ಎಂದೂ ಬರಲಿಲ್ಲ.

ಆ ಪಂದ್ಯಕ್ಕೆ ಇನ್ನೊಂದು ಬಾಲವುಂಟು. ರಸೆಲನೂ ಚೇಂಬರ್ಲಿನ್ನನೂ ಅದುವರೆಗೆ ಗೆಳೆಯರು. ನವೆಂಬರಿನ ಕೃತಜ್ಞತಾಹಬ್ಬದ ದಿನ ಪಂದ್ಯವಿದ್ದರೆ ರಸೆಲನು ಚೇಂಬರ್ಲಿನ್ನನ ಮನೆಗೆ ಹೋಗಿ, ಅವನ ತಾಯಿಯು ಬಡಿಸಿದ ಊಟವನ್ನುಂಡು, ರಾತ್ರಿ ಅವನೊಡನೆಯೇ ಹೋರಾಡುವನು. 1969ರ ಪಂದ್ಯದ ಬಳಿಕ, ಚೇಂಬರ್ಲಿನ್ನನು ಅಷ್ಟಕ್ಕೇ ಹೊರಗೆ ಹೋಗಬಾರದಾಗಿತ್ತೆಂದು ರಸೆಲನು ಬಹಿರಂಗವಾಗಿ ಆಡಿಬಿಟ್ಟನು. ಅಂದಿನಿಂದ ಇಬ್ಬರೂ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮಾತನಾಡಲಿಲ್ಲ. ಕೊನೆಗೆ ರಸೆಲನೇ ತಪ್ಪೊಪ್ಪಿಕೊಂಡು ಸಮಾಧಾನವಾಯಿತು. ಚೇಂಬರ್ಲಿನ್ನನು 1999ರಲ್ಲಿ ತೀರಿಕೊಂಡಾಗ ಅವನ ವಿಷಯವಾಗಿ ಎದ್ದು ಮಾತನಾಡಿದವರಲ್ಲಿ ರಸೆಲನೊಬ್ಬ. ಹತ್ತು ದಿನ ಮಾತು ಬಿಟ್ಟಿರುವ ನಮ್ಮ ಗೃಹಸ್ಥರು ಈ ಭಾಗವನ್ನು ಎರಡು ಸಲ ಓದಬಹುದು.

ಇನ್ನು ಜೋರ್ಡನ್. ಪ್ರೌಢಶಾಲೆಯಲ್ಲಿ ಮೊದಲ ಪ್ರಯತ್ನದಲ್ಲಿ ಇವನನ್ನು ದೊಡ್ಡ ತಂಡಕ್ಕೆ ತೆಗೆದುಕೊಳ್ಳದೆ ಕಿರಿಯರ ತಂಡದಲ್ಲಿ ಇರಿಸಿದ್ದರೆಂಬುದು ಉಪಾಧ್ಯಾಯರೆಲ್ಲರೂ ನೆನಪಿಡಬೇಕಾದ ಸಂಗತಿ. 1984ರಲ್ಲಿ ವೃತ್ತಿತಂಡಗಳು ಹೊಸಬರನ್ನು ಆರಿಸುವಾಗಲೂ ಇಬ್ಬರನ್ನು ಆರಿಸಿದಮೇಲೆ ಮೂರನೆಯವನಾಗಿ ಷಿಕಾಗೋ ತಂಡಕ್ಕೆ ಸಿಕ್ಕಿದನು. ಹತ್ತು ಋತುಗಳಲ್ಲಿ ಅಂಕಗಳಿಗೆ ಅಗ್ರಗಣ್ಯ. ಜೀವಮಾನದ ಸರಾಸರಿ 30.1. ಎಸೆಯುವವರು ಸಾಮಾನ್ಯವಾಗಿ ತಡೆಯುವ ಕೆಲಸಕ್ಕೆ ಬೇಸರಪಡುತ್ತಾರೆ. ಈತನು 1988ರಲ್ಲಿ ಸಂಘದ ಶ್ರೇಷ್ಠ ಆಟಗಾರನೂ ಆದನು, ಶ್ರೇಷ್ಠ ರಕ್ಷಕನೂ ಆದನು. 1991ರಿಂದ 93ರವರೆಗೆ ಮೂರು ಪ್ರಶಸ್ತಿ. 1993ರ ಬೇಸಗೆಯಲ್ಲಿ ತಂದೆಯ ಕೊಲೆಯಾಯಿತು. ಆ ಅಕ್ಟೋಬರಿನಲ್ಲಿ ಆಟವನ್ನೇ ಬಿಟ್ಟು, ಬೇಸ್‌ಬಾಲ್ ಎಂಬ ಮತ್ತೊಂದು ಆಟದ ಕೆಳದರ್ಜೆಯ ತಂಡವನ್ನು ಸೇರಿದನು. 1995ರಲ್ಲಿ ಹಿಂದಿರುಗಿ ಬಂದು, 1996ರಿಂದ 98ರವರೆಗೆ ಮತ್ತೆ ಮೂರು. ಆರು ಸಲ ಅಂತಿಮ ಸ್ಪರ್ಧೆಗೆ ಬಂದು ಆರರಲ್ಲಿಯೂ ಗೆದ್ದನು. ಒಮ್ಮೆಯೂ ಏಳನೆಯ ಪಂದ್ಯದವರೆಗೆ ಬಿಡಲಿಲ್ಲ. 1998ನೆಯ ಜೂನ್ 14ರ ಆ ಪಂದ್ಯವನ್ನು ನಾವು ನೋಡಿದೆವು. ಯೂಟಾ ತಂಡವು ಒಂದು ಅಂಕದಿಂದ ಮುಂದಿದೆ. ಉಳಿದಿರುವುದು ಕೆಲವೇ ಸೆಕೆಂಡುಗಳು. ಜೋರ್ಡನ್ನನು ಹಿಂದಿನಿಂದ ಬಂದು ಕಾರ್ಲ್ ಮಲೋನನ ಕೈಯಿಂದ ಚೆಂಡನ್ನು ತಟ್ಟಿ ಕಸಿದುಕೊಂಡು, ಆತುರವಿಲ್ಲದೆ ಎದುರು ತುದಿಗೆ ನಡೆದು ಬಂದು ಎಸೆಯುತ್ತಾನೆ. 87ಕ್ಕೆ 86. ಎಸೆದ ಕೈಯನ್ನು ಒಂದು ಕ್ಷಣ ಹಾಗೆಯೇ ಎತ್ತಿ ಹಿಡಿದಿರುತ್ತಾನೆ. ನಮ್ಮ ಮನೆಯ ಹುಡುಗರು ಇದನ್ನು ನಾಲ್ಕು ಸಲ ತೋರಿಸಿದರು; ಐದನೆಯ ಸಲ ತೋರಿಸೆಂದು ಕೇಳಿದವರು ನಾವು.

ಜೇಮ್ಸನ ದಾರಿಯೇ ಬೇರೆ. ಅವನು 1984ರ ಡಿಸೆಂಬರ್ 30ರಂದು ಏಕ್ರನ್ ಎಂಬ ಊರಿನಲ್ಲಿ ಹುಟ್ಟಿದಾಗ ತಾಯಿಗೆ 16 ವರ್ಷ. ತಂದೆಯ ಆಶ್ರಯವಿಲ್ಲ, ಮನೆಯಿಂದ ಮನೆಗೆ ಅಲೆದಾಟ, ಬಾಲ್ಯದಲ್ಲಿ ಶಾಲೆಗೂ ಸರಿಯಾಗಿ ಹೋಗಲಾಗಲಿಲ್ಲ. ಅದೇ ಊರಿನಲ್ಲಿ 2018ರಲ್ಲಿ, ಹಿಂದೆ ಬೀಳುವ ಮಕ್ಕಳಿಗಾಗಿ ಒಂದು ಶಾಲೆಯು ಅವನ ಪ್ರತಿಷ್ಠಾನದ ಸಹಾಯದಿಂದ ತೆರೆಯಿತು. 2003ರಿಂದ ವೃತ್ತಿಯಲ್ಲಿದ್ದು, ಇತರರು ಮುಗಿಸುವ ವಯಸ್ಸನ್ನು ದಾಟಿಯೂ ಆಡಿದವನು. 2023ನೆಯ ಫೆಬ್ರವರಿ 7ರಂದು, 1989ರಿಂದ ನಿಂತಿದ್ದ 38,387 ಅಂಕಗಳ ದಾಖಲೆಯನ್ನು ಮೀರಿದನು. 2024ರ ಮಾರ್ಚಿನಲ್ಲಿ 40,000ವನ್ನು ದಾಟಿದ ಮೊದಲನೆಯವನಾದನು. ನಾಲ್ಕು ಪ್ರಶಸ್ತಿಗಳಲ್ಲಿ 2016ರದು ಮುಖ್ಯ. ಆ ಋತುವಿನಲ್ಲಿ 73 ಪಂದ್ಯ ಗೆದ್ದಿದ್ದ ಗೋಲ್ಡನ್ ಸ್ಟೇಟ್ ತಂಡದೆದುರು ಒಂದಕ್ಕೆ ಮೂರರಂತೆ ಹಿಂದೆ ಬಿದ್ದು, ಉಳಿದ ಮೂರನ್ನೂ ಗೆದ್ದು, 52 ವರ್ಷಗಳಿಂದ ದೊಡ್ಡ ಆಟಗಳಲ್ಲಿ ಯಾವ ಪ್ರಶಸ್ತಿಯನ್ನೂ ಕಾಣದಿದ್ದ ಕ್ಲೀವ್‌ಲೆಂಡ್ ನಗರಕ್ಕೆ ಅದನ್ನು ತಂದುಕೊಟ್ಟನು. ವ್ಯತಿರೇಕದ ಪರೀಕ್ಷೆಯಲ್ಲಿಯೂ ಅವನು ತೇರ್ಗಡೆ: 2010ರಲ್ಲಿ ಅವನು ಬಿಟ್ಟುಹೋದಾಗ 61 ಪಂದ್ಯ ಗೆದ್ದಿದ್ದ ಅದೇ ತಂಡವು ಮರುವರ್ಷ ಗೆದ್ದುದು 19. ಆದರೆ ಹತ್ತು ಸಲ ಅಂತಿಮ ಸ್ಪರ್ಧೆಗೆ ಬಂದು ಆರು ಸಲ ಸೋತನೆಂಬುದನ್ನೂ ಮರೆಮಾಚಬಾರದು. ಅದಕ್ಕೆ ಮಗನು, ಹತ್ತು ಸಲ ಬಂದುದೇ ದೊಡ್ಡದಲ್ಲವೆ ಎನ್ನುತ್ತಾನೆ. ಅದೂ ನಿಜ.

ಜೇಮ್ಸನು ಮೀರಿದ ದಾಖಲೆಯು ಕರೀಂ ಅಬ್ದುಲ್-ಜಬ್ಬಾರನದು. ಆರು ಸಲ ಸಂಘದ ಶ್ರೇಷ್ಠ ಆಟಗಾರನೆನಿಸಿದವನು ಇವನೊಬ್ಬನೇ, ಪ್ರಶಸ್ತಿಗಳೂ ಆರು. ಮೇಲಿನಿಂದ ಚೆಂಡನ್ನು ಬುಟ್ಟಿಗೆ ಒತ್ತುವುದನ್ನು ಕಾಲೇಜಿನವರು 1967ರಲ್ಲಿ ನಿಷೇಧಿಸಿದಾಗ, ಅದು ಇವನಿಗಾಗಿಯೇ ಎಂದು ಜನ ಆಡಿಕೊಂಡರು. ಇವನು ಜಗಳವಾಡದೆ, ಒಂದೇ ಕೈಯನ್ನು ಆಕಾಶಕ್ಕೆತ್ತಿ ಕೊಕ್ಕೆಯಂತೆ ಬಾಗಿಸಿ ಎಸೆಯುವ ವಿದ್ಯೆಯನ್ನು ಸಾಧಿಸಿ ಇಪ್ಪತ್ತು ಋತು ಅದರಿಂದಲೇ ಬಾಳಿದನು. ದಾಖಲೆ ಮುರಿದ ರಾತ್ರಿ ಸಭೆಯಲ್ಲಿದ್ದು, ಚೆಂಡನ್ನು ತಾನೇ ಜೇಮ್ಸನ ಕೈಗಿತ್ತನು.

ಉಳಿದವರನ್ನು ಬೇಗನೆ ದಾಟಬೇಕಾಗಿದೆ. ಮ್ಯಾಜಿಕ್ ಜಾನ್ಸನ್ ಇಪ್ಪತ್ತನೆಯ ವಯಸ್ಸಿನಲ್ಲಿ, ಗಾಯಗೊಂಡ ಜಬ್ಬಾರನ ಜಾಗದಲ್ಲಿ ನಿಂತು 42 ಅಂಕ ಗಳಿಸಿ 1980ರ ಪ್ರಶಸ್ತಿಯನ್ನು ಗೆಲ್ಲಿಸಿದುದು. ಅವನ ಪ್ರತಿಸ್ಪರ್ಧಿ ಲ್ಯಾರಿ ಬರ್ಡ್. ಒಂದೇ ರಾತ್ರಿ 81 ಅಂಕ ಗಳಿಸಿ, 2020ರಲ್ಲಿ ಮಗಳೊಡನೆ ಹೆಲಿಕಾಪ್ಟರ್ ಅಪಘಾತದಲ್ಲಿ ಮಡಿದ ಕೋಬಿ ಬ್ರಯಂಟ್. ಐದು ಪ್ರಶಸ್ತಿ ಗೆದ್ದೂ ಸದ್ದುಮಾಡದ ಟಿಮ್ ಡಂಕನ್. 41ನೆಯವನಾಗಿ ಆರಿಸಲ್ಪಟ್ಟು ಮೂರು ಸಲ ಶ್ರೇಷ್ಠನೆನಿಸಿದ ಸರ್ಬಿಯಾದ ನಿಕೊಲಾ ಯೋಕಿಚ್. ಆಸ್ಕರ್ ರಾಬರ್ಟ್‌ಸನ್ನನಿಗೆ ಇನ್ನೊಂದು ಸಾಲು ಸಲ್ಲಬೇಕು: ಆಟಗಾರರನ್ನು ಒಂದೇ ತಂಡಕ್ಕೆ ಕಟ್ಟಿಹಾಕುವ ಕಟ್ಟಳೆಯ ಮೇಲೆ 1970ರಲ್ಲಿ ಅವನ ಹೆಸರಿನಲ್ಲಿ ನಡೆದ ವ್ಯಾಜ್ಯವು 1976ರಲ್ಲಿ ರಾಜಿಯಾದ್ದರಿಂದಲೇ ಮುಂದಿನವರು ತಮಗೆ ಬೇಕಾದ ಕಡೆ ಹೋಗುವ ಹಕ್ಕನ್ನು ಪಡೆದರು. ಇದಕ್ಕೂ ಕಲಮು ಇಲ್ಲ. ನಮ್ಮ ದೇಶದಲ್ಲಿ ಹುಟ್ಟಿದವರ ಪೈಕಿ ಆ ಸಂಘದ ತಂಡವೊಂದು ಮೊದಲು ಆರಿಸಿದ್ದು ಪಂಜಾಬಿನ ಸತ್ನಾಂ ಸಿಂಗನನ್ನು, 2015ರಲ್ಲಿ. ಪಂದ್ಯವಾಡುವ ಯೋಗವು ಆತನಿಗೆ ಬರಲಿಲ್ಲ.

ನಮ್ಮ ಪಂಡಿತರು ಕವಿಗಳನ್ನು ಬೆರಳಿನ ಮೇಲೆ ಎಣಿಸಲು ಹೊರಟು, ಕಿರುಬೆರಳಿಗೆ ಕಾಳಿದಾಸನನ್ನಿಟ್ಟು, ಮುಂದಿನ ಬೆರಳಿಗೆ ಸಮಾನನು ದೊರೆಯದೆ ಅದು ಅನಾಮಿಕೆಯಾಗಿಯೇ ಉಳಿಯಿತೆಂದು ಹೇಳುವುದುಂಟು. ನಮಗೆ ಅಂಥ ಧೈರ್ಯವಿಲ್ಲ. ನಾಲ್ಕು ಬೆರಳುಗಳನ್ನು ಮಡಿಸುತ್ತೇವೆ. ಕಿರುಬೆರಳು ರಸೆಲನದು. ಎರಡನೆಯದು ಜೋರ್ಡನ್ನನದು, ಇವರಿಬ್ಬರ ನಡುವೆ ನಮಗಿರುವ ಅಂತರವು ಕೂದಲೆಳೆಯಷ್ಟು. ಮೂರನೆಯದು ಜೇಮ್ಸ್, ನಾಲ್ಕನೆಯದು ಜಬ್ಬಾರ್. ಹೆಬ್ಬೆರಳನ್ನು ಮಡಿಸುವ ಹಕ್ಕನ್ನು ವಾಚಕರಿಗೆ ಬಿಟ್ಟಿದ್ದೇವೆ. ಚೇಂಬರ್ಲಿನ್ನನನ್ನು ಬಿಟ್ಟಿರೆಂದು ಕೆಲವರು ಕೋಪಿಸಿಕೊಳ್ಳುವರು. ಹೆಬ್ಬೆರಳು ಅವನಿಗಾಗುವಷ್ಟು ದೊಡ್ಡದಾಗಿಯೇ ಇದೆ.

ಕಾಗದ ಬರೆದ ಸೋದರಿಯವರಿಗೆ: ತಂದೆಯವರೂ ಸೋತರು, ಮಗನೂ ಸೋತನು, ಇದರಿಂದ ಇಬ್ಬರೂ ಸೇರಿ ನಮ್ಮನ್ನು ಬೈಯುವುದಕ್ಕೆ ಒಂದು ಅವಕಾಶವಾಗುತ್ತದೆ. ಅದೂ ಸಾಲದಿದ್ದರೆ 2024ನೆಯ ಅಕ್ಟೋಬರ್ 22ರ ಪಂದ್ಯವನ್ನು ಇಬ್ಬರನ್ನೂ ಒಟ್ಟಿಗೆ ಕೂರಿಸಿ ತೋರಿಸಿರಿ. ಅಂದು ಲೇಕರ್ಸ್ ತಂಡದಲ್ಲಿ ಜೇಮ್ಸನೂ ಅವನ ಹಿರಿಯ ಮಗ ಬ್ರಾನಿಯೂ ಜೊತೆಯಾಗಿ ಆಡಲಿಳಿದರು. ಆ ಸಂಘದ ಚರಿತ್ರೆಯಲ್ಲಿ ತಂದೆಮಕ್ಕಳು ಹಾಗೆ ಆಡಿದ್ದು ಅದೇ ಮೊದಲು. ಇಬ್ಬರೂ ಕೂಡಿ ಆಡಿದುದು ಕೆಲವೇ ನಿಮಿಷ. ಮಗನು ಒಂದು ಅಂಕವನ್ನೂ ಗಳಿಸಲಿಲ್ಲ. ತಂದೆಯು ಅವನ ಪಕ್ಕದಲ್ಲಿ ನಿಂತಿದ್ದ ರೀತಿಯನ್ನು ನೋಡಬೇಕು. ಈ ಸಂಚಿಕೆಯನ್ನು ಮಾತ್ರ ಊಟಕ್ಕೆ ಮುಂಚೆ ಅವರ ಕೈಗೆ ಕೊಡಬೇಡಿರಿ; ಸಾರು ಆರಿಹೋದೀತು.